ಗಣಕ ವಿಜ್ಞಾನ ಸಂಶೋಧಕರ ಉಲ್ಲೇಖ ಸಂಖ್ಯೆ ಮತ್ತು ಎಚ್-ಸೂಚ್ಯಂಕ: ಅರ್ಜಿದಾರರ ಮಾಹಿತಿಗಾಗಿ

ಬೋಧಕ ಹುದ್ದೆ, ಪದೋನ್ನತಿ, ಸಂಶೋಧನಾ ಅನುದಾನ, ಫೆಲೋಶಿಪ್ ಮುಂತಾದವುಗಳಿಗಾಗಿ ಅರ್ಜಿ ಸಲ್ಲಿಸುವ ಸಂಶೋಧಕರು ತಮ್ಮ ಪ್ರಕಟಣೆಗಳ ಪಟ್ಟಿಯೊಂದಿಗೆ "ಒಟ್ಟು ಉಲ್ಲೇಖಗಳು" ಹಾಗೂ "ಎಚ್-ಸೂಚ್ಯಂಕ" ಎಂಬ ಎರಡು ಅಂಕಣಗಳನ್ನು ಭರ್ತಿ ಮಾಡಬೇಕಾಗಿ ಬರುವುದು ಈಗ ಸಾಮಾನ್ಯವಾಗಿದೆ. ಈ ಅಂಕಣಗಳ ಆಧಾರದ ಮೇಲೆ ಕೆಲವೆಡೆ ಅರ್ಜಿಗಳ ಮೊದಲ ಹಂತದ ಪರಿಶೀಲನೆಯೂ ನಡೆಯುವುದರಿಂದ, ಒಂದು ಅಂಕಿಯ ವ್ಯತ್ಯಾಸವೂ ಅರ್ಹರಾದವರಿಗೆ ಅವಕಾಶವನ್ನು ತಪ್ಪಿಸಬಹುದು. ಗಣಕ ವಿಜ್ಞಾನದ ಅರ್ಜಿಗಳಲ್ಲಿ ಈ ಬಗ್ಗೆ ಗೊಂದಲ ಅಧಿಕ. ಇದಕ್ಕೆ ಅರ್ಜಿದಾರರ ಅಜಾಗರೂಕತೆಯೊಂದೇ ಕಾರಣವಲ್ಲ. ಆ ವಿಷಯದಲ್ಲಿ ಪ್ರಕಟಣೆ ನಡೆಯುವ ರೀತಿಯೂ ಕಾರಣವಾಗಿದೆ. ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ವಿವರಣೆಯನ್ನು ನೀಡಲಾಗಿದೆ. ಇದು ಮಾಹಿತಿ ಮಾತ್ರ. ಆಯಾ ಅಧಿಸೂಚನೆಯಲ್ಲಿ ಬೇರೆ ರೀತಿ ತಿಳಿಸಿದ್ದಲ್ಲಿ ಅಧಿಸೂಚನೆಯೇ ಅನ್ವಯವಾಗುತ್ತದೆ.

ಉಲ್ಲೇಖ ಎಂದರೇನು?

ಸಂಶೋಧಕರು ಲೇಖನವೊಂದನ್ನು ಬರೆಯುವಾಗ ತಾವು ಆಧರಿಸಿದ ಹಿಂದಿನ ಲೇಖನಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಸೇರಿದ ಪ್ರತಿಯೊಂದು ಲೇಖನಕ್ಕೂ ಒಂದು ಉಲ್ಲೇಖ, ಅಂದರೆ ಸೈಟೇಷನ್, ದೊರೆತಂತಾಗುತ್ತದೆ. ಇಂತಹ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ಸೂಚಿಯೊಂದನ್ನು ಸಿದ್ಧಪಡಿಸಬಹುದೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಅವರು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಸ್ತಾಪಿಸಿದರು. ಅವರ ಸಂಸ್ಥೆಯು 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಂಬ ಸೂಚಿಯನ್ನು ಹೊರತಂದಿತು. ಹಳೆಯ ಲೇಖನವೊಂದನ್ನು ಮುಂದೆ ಯಾರು ಯಾರು ಬಳಸಿಕೊಂಡರು ಎಂಬುದನ್ನು ಹುಡುಕಿಕೊಳ್ಳಲು ನೆರವಾಗುವುದು ಅದರ ಮೂಲ ಉದ್ದೇಶ. ಸಂಶೋಧಕರಿಗೆ ಅಂಕ ನೀಡುವ ಸಾಧನವಾಗಿ ಅದು ಬಳಕೆಗೆ ಬಂದದ್ದು ತರುವಾಯ.

ಲೆಕ್ಕಪತ್ರದಲ್ಲಿ ಜಮೆಗೆ ಒಂದು ಬದಿ, ಖರ್ಚಿಗೆ ಒಂದು ಬದಿ ಇರುತ್ತದೆ. ಉಲ್ಲೇಖಗಳ ಲೆಕ್ಕದಲ್ಲಿ ಇರುವುದು ಒಂದೇ ಬದಿ. ಲೇಖನವನ್ನು ಮೆಚ್ಚಿ ಉಲ್ಲೇಖಿಸಿದರೂ, ಅದು ತಪ್ಪೆಂದು ತೋರಿಸಲು ಉಲ್ಲೇಖಿಸಿದರೂ, ಪೀಠಿಕೆಯಲ್ಲಿ ಹತ್ತು ಹೆಸರುಗಳ ನಡುವೆ ಸುಮ್ಮನೆ ಸೇರಿಸಿದರೂ ಎಣಿಕೆ ಒಂದೇ. ಬಹಳ ಬಳಕೆಯಲ್ಲಿರುವ ಕೆಲಸಕ್ಕೆ ಉಲ್ಲೇಖವೇ ಬಾರದಿರುವುದೂ ಉಂಟು. ಡೊನಾಲ್ಡ್ ಕ್ನೂತ್ ಅವರು ರಚಿಸಿದ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶದಿಂದ ಗಣಿತ ಹಾಗೂ ಗಣಕ ವಿಜ್ಞಾನದ ಲೇಖನಗಳು ಅಪಾರ ಸಂಖ್ಯೆಯಲ್ಲಿ ಸಿದ್ಧವಾಗುತ್ತವೆ. ಆದರೆ ಆ ಲೇಖನಗಳ ಉಲ್ಲೇಖ ಪಟ್ಟಿಯಲ್ಲಿ ಅದರ ಹೆಸರು ಕಾಣುವುದು ಅಪರೂಪ. ತಂತ್ರಾಂಶ ರಚಿಸಿದ ಅರ್ಜಿದಾರರು ಅದರ ಬಳಕೆಯನ್ನು ಉಲ್ಲೇಖ ಸಂಖ್ಯೆಯಿಂದ ತೋರಿಸಲು ಯತ್ನಿಸದೆ, ಪ್ರತ್ಯೇಕವಾಗಿ ವಿವರಿಸುವುದು ಸೂಕ್ತ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಬೇಕಾಗಿದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ನಿಯತಕಾಲಿಕಕ್ಕೆ ಸಂಬಂಧಿಸಿದ ಸಂಖ್ಯೆ. ಹಿಂದಿನ ಎರಡು ವರ್ಷಗಳಲ್ಲಿ ಆ ಪತ್ರಿಕೆಯಲ್ಲಿ ಬಂದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ದೊರೆತವು ಎಂಬುದನ್ನು ಅದು ತಿಳಿಸುತ್ತದೆ. ಕೆಲವು ಅರ್ಜಿದಾರರು ತಾವು ಬರೆದ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಕೂಡಿಸಿ ಅದನ್ನೇ ತಮ್ಮ ಸಾಧನೆ ಎಂದು ನಮೂದಿಸುತ್ತಾರೆ. ಬಸ್ಸಿನಲ್ಲಿರುವ ಪ್ರಯಾಣಿಕರ ಸರಾಸರಿ ವಯಸ್ಸನ್ನು ತನ್ನ ವಯಸ್ಸೆಂದು ಬರೆದುಕೊಟ್ಟಂತೆ ಇದು. ನಿಯತಕಾಲಿಕದ ಅಳತೆಯನ್ನು ಒಂದೊಂದು ಲೇಖನದ ಅಥವಾ ಒಬ್ಬೊಬ್ಬ ಸಂಶೋಧಕರ ಗುಣಮಟ್ಟಕ್ಕೆ ಬದಲಿಯಾಗಿ ಬಳಸಬಾರದೆಂದು 2012ರ ಡಿಸೆಂಬರ್‌ನಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯು ತಿಳಿಸಿದೆ.

ಎಚ್-ಸೂಚ್ಯಂಕವನ್ನು ಲೆಕ್ಕ ಹಾಕುವ ಬಗೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೆಗೊ ಕೇಂದ್ರದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರು 2005ರಲ್ಲಿ ಈ ಸೂಚ್ಯಂಕವನ್ನು ಸೂಚಿಸಿದರು. ಒಬ್ಬರ ಲೇಖನಗಳ ಪೈಕಿ ಕನಿಷ್ಠ 5 ಲೇಖನಗಳಿಗೆ ತಲಾ ಕನಿಷ್ಠ 5 ಉಲ್ಲೇಖಗಳು ಬಂದಿದ್ದು, 6 ಲೇಖನಗಳಿಗೆ ತಲಾ 6 ಬಂದಿರದಿದ್ದರೆ ಅವರ ಎಚ್-ಸೂಚ್ಯಂಕ 5 ಆಗುತ್ತದೆ.

ಉದಾಹರಣೆಗೆ, ಒಬ್ಬರಿಗೆ 8 ಲೇಖನಗಳಿದ್ದು ಅವುಗಳಿಗೆ ಬಂದ ಉಲ್ಲೇಖಗಳು ಇಳಿಕೆಯ ಕ್ರಮದಲ್ಲಿ 95, 40, 18, 9, 6, 5, 2, 0 ಎಂದಿರಲಿ. ಐದನೆಯ ಲೇಖನಕ್ಕೆ 6 ಉಲ್ಲೇಖಗಳಿವೆ. ಅದು 5ಕ್ಕಿಂತ ಕಡಿಮೆಯಿಲ್ಲ. ಆರನೆಯದಕ್ಕೆ ಇರುವುದು 5. ಅದು 6ನ್ನು ಮುಟ್ಟುವುದಿಲ್ಲ. ಆದ್ದರಿಂದ ಎಚ್-ಸೂಚ್ಯಂಕ 5. ಒಟ್ಟು ಉಲ್ಲೇಖಗಳು 175. ಗೂಗಲ್ ಸ್ಕಾಲರ್ 2011ರಿಂದ ತೋರಿಸುತ್ತಿರುವ ಐ10-ಸೂಚ್ಯಂಕವು 10 ಅಥವಾ ಅದಕ್ಕೂ ಹೆಚ್ಚು ಉಲ್ಲೇಖಗಳಿರುವ ಲೇಖನಗಳ ಸಂಖ್ಯೆಯಾಗಿದ್ದು, ಇವರ ವಿಷಯದಲ್ಲಿ ಅದು 3.

ಮೊದಲ ಲೇಖನಕ್ಕೆ 95ರ ಬದಲು 9,500 ಉಲ್ಲೇಖಗಳು ಬಂದಿದ್ದರೂ ಎಚ್-ಸೂಚ್ಯಂಕ 5 ಆಗಿಯೇ ಉಳಿಯುತ್ತಿತ್ತು ಎಂಬುದನ್ನು ಗಮನಿಸಬೇಕು. ಜೀವಮಾನದಲ್ಲಿ ಒಂದೇ ಮಹತ್ವದ ಲೇಖನ ಬರೆದವರಿಗೆ ಈ ಸೂಚ್ಯಂಕದಿಂದ ಏನೂ ದೊರೆಯುವುದಿಲ್ಲ. ಮೇಲಾಗಿ, ಹೊಸದಾಗಿ ಏನನ್ನೂ ಬರೆಯದಿದ್ದರೂ ಇದು ವರ್ಷದಿಂದ ವರ್ಷಕ್ಕೆ ಏರಬಹುದೇ ವಿನಾ ಸಾಮಾನ್ಯವಾಗಿ ಇಳಿಯುವುದಿಲ್ಲ. ಆದುದರಿಂದ ಐದು ವರ್ಷ ಸೇವೆಯವರನ್ನು ಇಪ್ಪತ್ತೈದು ವರ್ಷ ಸೇವೆಯವರೊಡನೆ ಈ ಒಂದು ಅಂಕಿಯಿಂದ ಹೋಲಿಸುವುದು ನ್ಯಾಯವಾಗದು. ಸೂಚ್ಯಂಕವನ್ನು ರೂಪಿಸಿದ ಹಿರ್ಷ್ ಅವರೇ, ಇದು ಕೆಲವೊಮ್ಮೆ ತೀರ ತಪ್ಪು ಫಲಿತಾಂಶ ನೀಡಬಹುದು ಹಾಗೂ ಉದ್ದೇಶಿಸದ ಕೆಟ್ಟ ಪರಿಣಾಮಗಳಿಗೆ ಕಾರಣವಾಗಬಹುದು ಎಂಬ ಅಭಿಪ್ರಾಯವನ್ನು 2020ರಲ್ಲಿ ವ್ಯಕ್ತಪಡಿಸಿದ್ದಾರೆ.

ಒಂದೇ ವ್ಯಕ್ತಿಗೆ ಬೇರೆ ಬೇರೆ ಸಂಖ್ಯೆ ಏಕೆ?

ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್ ಎಂಬ ಸೂಚಿಗಳು ತಾವು ಆಯ್ದುಕೊಂಡ ಪ್ರಕಟಣೆಗಳನ್ನು ಮಾತ್ರ ಎಣಿಸುತ್ತವೆ. 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ಅಂತರಜಾಲದಲ್ಲಿ ಸಿಗುವ ಸಮ್ಮೇಳನ ಲೇಖನ, ಪಿಎಚ್.ಡಿ. ಪ್ರಬಂಧ, ತಾಂತ್ರಿಕ ವರದಿ, ಮುದ್ರಣಪೂರ್ವ ಪ್ರತಿ ಎಲ್ಲವನ್ನೂ ಯಂತ್ರದ ಮೂಲಕ ಸಂಗ್ರಹಿಸುತ್ತದೆ. ಆದಕಾರಣ ಗೂಗಲ್ ಸ್ಕಾಲರ್‌ನ ಸಂಖ್ಯೆ ಸಾಮಾನ್ಯವಾಗಿ ಅಧಿಕವಾಗಿರುತ್ತದೆ. ಯಾವುದೇ ವಿಷಯದಲ್ಲಿ ಈ ಅಂತರ ಇದ್ದೇ ಇದೆ. ಗಣಕ ವಿಜ್ಞಾನದಲ್ಲಿ ಅದು ಬಹಳ ದೊಡ್ಡದು. ಅದಕ್ಕೆ ಕಾರಣ ಸಮ್ಮೇಳನಗಳು.

ಇತರ ಹಲವು ವಿಷಯಗಳಲ್ಲಿ ಸಮ್ಮೇಳನವೆಂದರೆ ಸಾರಾಂಶ ಓದಿ ಬರುವ ಸಭೆ. ಪೂರ್ಣ ಲೇಖನ ನಿಯತಕಾಲಿಕದಲ್ಲಿ ಬರುತ್ತದೆ. ಗಣಕ ವಿಜ್ಞಾನದಲ್ಲಿ ಹಾಗಲ್ಲ. ಪ್ರಮುಖ ಸಮ್ಮೇಳನಗಳಿಗೆ ಪೂರ್ಣ ಲೇಖನವನ್ನೇ ಸಲ್ಲಿಸಬೇಕು, ತಜ್ಞರು ಅದನ್ನು ಪರಿಶೀಲಿಸುತ್ತಾರೆ, ಬಹುಪಾಲು ಲೇಖನಗಳು ತಿರಸ್ಕೃತವಾಗುತ್ತವೆ. ಕ್ಷೇತ್ರವು ವೇಗವಾಗಿ ಬದಲಾಗುವುದರಿಂದ ನಿಯತಕಾಲಿಕದ ಸರದಿಗೆ ವರ್ಷಗಟ್ಟಲೆ ಕಾಯಲು ಅಲ್ಲಿನವರು ಇಚ್ಛಿಸುವುದಿಲ್ಲ. ಅಮೆರಿಕದ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಷನ್ ಸಂಸ್ಥೆಗಾಗಿ ಡೇವಿಡ್ ಪ್ಯಾಟರ್ಸನ್, ಲಾರೆನ್ಸ್ ಸ್ನೈಡರ್ ಮತ್ತು ಜೆಫ್ರಿ ಉಲ್ಮನ್ ಅವರು 1999ರಲ್ಲಿ ಸಿದ್ಧಪಡಿಸಿದ ಟಿಪ್ಪಣಿಯು, ಪದೋನ್ನತಿಯ ಸಂದರ್ಭದಲ್ಲಿ ಇಂತಹ ಸಮ್ಮೇಳನ ಲೇಖನಗಳಿಗೆ ತಕ್ಕ ಮಾನ್ಯತೆ ದೊರೆಯಬೇಕೆಂದು ಇತರ ವಿಭಾಗಗಳವರಿಗೆ ವಿವರಿಸುವ ಸಲುವಾಗಿಯೇ ಬರೆದುದು. ನಿಯತಕಾಲಿಕಗಳನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಗಣಕ ವಿಜ್ಞಾನಿಯ ಉತ್ತಮ ಕೆಲಸವೇ ಕಾಣೆಯಾಗಬಹುದು.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, 95 ಉಲ್ಲೇಖಗಳ ಮೊದಲ ಲೇಖನವು ಸಮ್ಮೇಳನದ್ದಾಗಿದ್ದು ಎರಡನೆಯ ಸೂಚಿಯಲ್ಲಿ ಅದು ಸೇರಿಲ್ಲವೆಂದು ಇಟ್ಟುಕೊಳ್ಳೋಣ. ಉಳಿದ ಏಳು ಲೇಖನಗಳಿಗೆ ಆ ಸೂಚಿಯಲ್ಲಿ 22, 11, 6, 4, 3, 1, 0 ಉಲ್ಲೇಖಗಳು ಕಾಣುತ್ತವೆ ಎನ್ನೋಣ. ಒಟ್ಟು 175 ಇದ್ದದ್ದು 47ಕ್ಕೆ ಇಳಿಯಿತು. ಎಚ್-ಸೂಚ್ಯಂಕ 5ರಿಂದ 4ಕ್ಕೆ ಮಾತ್ರ ಇಳಿಯಿತು. ವ್ಯಕ್ತಿ ಅವರೇ, ಲೇಖನಗಳೂ ಅವೇ. ಅಧಿಸೂಚನೆಯಲ್ಲಿ "ಕನಿಷ್ಠ 5" ಎಂದಿದ್ದು ಸೂಚಿಯ ಹೆಸರನ್ನು ತಿಳಿಸಿರದಿದ್ದರೆ ಇವರು ಅರ್ಹರೋ ಅನರ್ಹರೋ ಹೇಳಲು ಬಾರದು. ಇಂತಹ ಸಂದರ್ಭದಲ್ಲಿ ಅರ್ಜಿದಾರರು ಊಹಿಸಿ ಬರೆಯುವುದಕ್ಕಿಂತ, ಯಾವ ಸೂಚಿಯನ್ನು ಪರಿಗಣಿಸಲಾಗುವುದೆಂದು ಕೊನೆಯ ದಿನಾಂಕಕ್ಕೆ ಮುಂಚಿತವಾಗಿ ಲಿಖಿತವಾಗಿ ವಿಚಾರಿಸುವುದು ಒಳಿತು.

ಇದು ಕಾಲ್ಪನಿಕ ಉದಾಹರಣೆಯಾಯಿತು. ನೈಜ ಉದಾಹರಣೆಯೂ ಇದೆ. ಕೈಮಿಂಗ್ ಹೆ ಮತ್ತು ಸಹೋದ್ಯೋಗಿಗಳು ಚಿತ್ರಗಳನ್ನು ಗುರುತಿಸುವ ಯಂತ್ರಕಲಿಕೆಯ ಬಗ್ಗೆ ಬರೆದು 2016ರಲ್ಲಿ ಸಿವಿಪಿಆರ್ ಸಮ್ಮೇಳನದಲ್ಲಿ ಮಂಡಿಸಿದ ಲೇಖನವು ರೆಸ್‌ನೆಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಶತಮಾನದಲ್ಲಿ ಪ್ರಕಟವಾದ ಲೇಖನಗಳಲ್ಲಿ ಅತಿ ಹೆಚ್ಚು ಉಲ್ಲೇಖಿತವಾದುದು ಯಾವುದೆಂದು 'ನೇಚರ್' ಪತ್ರಿಕೆಯು 2025ರಲ್ಲಿ ಐದು ಸೂಚಿಗಳನ್ನು ಹೋಲಿಸಿ ನೋಡಿದಾಗ ಮೊದಲ ಸ್ಥಾನ ಇದಕ್ಕೇ ದೊರೆಯಿತು. ಆದರೆ ಸೂಚಿಯಿಂದ ಸೂಚಿಗೆ ಇದರ ಉಲ್ಲೇಖಗಳು ಸುಮಾರು ಒಂದು ಲಕ್ಷದಿಂದ ಎರಡೂವರೆ ಲಕ್ಷದವರೆಗೆ ವ್ಯತ್ಯಾಸವಾಗಿದ್ದವು. ಜಗತ್ತೇ ಬಲ್ಲ ಲೇಖನದ ಲೆಕ್ಕದಲ್ಲಿಯೇ ಇಷ್ಟು ಅಂತರವಿರುವಾಗ, ಮೂಲವನ್ನು ತಿಳಿಸದೆ ಬರೆದ ಸಂಖ್ಯೆಯಿಂದ ಪರಿಶೀಲಕರು ಏನನ್ನೂ ತಿಳಿದುಕೊಳ್ಳಲಾರರು.

ಉಪವಿಭಾಗಗಳ ನಡುವಿನ ಹೋಲಿಕೆ

ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು, ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಖಚಿತವಾಗಿಯೂ ಶೀಘ್ರವಾಗಿಯೂ ನಿರ್ಧರಿಸುವ ವಿಧಾನವನ್ನು 2002ರ ಆಗಸ್ಟ್‌ನಲ್ಲಿ ಪ್ರಕಟಪಡಿಸಿದರು. ಬಹುಕಾಲದಿಂದ ಬಗೆಹರಿಯದಿದ್ದ ಪ್ರಶ್ನೆಯಿದು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದರು. ಲೇಖನವು 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್'ನಲ್ಲಿ ಅಚ್ಚಾದದ್ದು 2004ರಲ್ಲಿ. 2006ರಲ್ಲಿ ಅದಕ್ಕೆ ಗೋಡೆಲ್ ಪ್ರಶಸ್ತಿಯೂ ಫುಲ್ಕರ್ಸನ್ ಪ್ರಶಸ್ತಿಯೂ ಬಂದವು.

ಈ ಲೇಖನದ ಉಲ್ಲೇಖಗಳು ಮೇಲೆ ತಿಳಿಸಿದ ರೆಸ್‌ನೆಟ್ ಲೇಖನದ ಉಲ್ಲೇಖಗಳ ಒಂದು ಸಣ್ಣ ಅಂಶ ಮಾತ್ರ. ಇದರಿಂದ ಒಂದು ಮೇಲು, ಇನ್ನೊಂದು ಕೀಳು ಎಂದಾಗುವುದಿಲ್ಲ. ಯಂತ್ರಕಲಿಕೆಯಲ್ಲಿ ಲೇಖನ ಬರೆಯುವವರ ಸಂಖ್ಯೆಯೇ ಅಪಾರ, ಅವರ ಉಲ್ಲೇಖ ಪಟ್ಟಿಗಳೂ ಉದ್ದ. ಸೈದ್ಧಾಂತಿಕ ಗಣಕ ವಿಜ್ಞಾನದಲ್ಲಿ ಬರೆಯುವವರು ಕಡಿಮೆ, ಮೇಲಾಗಿ ಒಂದು ಪ್ರಶ್ನೆ ಪೂರ್ಣವಾಗಿ ಬಗೆಹರಿದ ಮೇಲೆ ಅದರ ಬಗ್ಗೆ ಮುಂದೆ ಬರೆಯುವವರು ಇನ್ನೂ ಕಡಿಮೆ. ಗಣಕ ವಿಜ್ಞಾನ ಎಂಬ ಒಂದೇ ಶೀರ್ಷಿಕೆಯಡಿ ಬಂದ ಅರ್ಜಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇದೇ ಲೇಖನದಿಂದ ಇನ್ನೊಂದು ತೊಡಕೂ ಗೊತ್ತಾಗುತ್ತದೆ. ಸೈದ್ಧಾಂತಿಕ ವಿಭಾಗದಲ್ಲಿ ಲೇಖಕರ ಹೆಸರುಗಳನ್ನು ಇಂಗ್ಲಿಷ್ ಅಕಾರಾದಿ ಕ್ರಮದಲ್ಲಿ ಬರೆಯುವುದು ರೂಢಿ. ಅಗರವಾಲ್, ಕಯಾಲ್, ಸಕ್ಸೇನಾ ಎಂಬುದೂ ಆ ಕ್ರಮವೇ. ಇತರ ಅನೇಕ ವಿಭಾಗಗಳಲ್ಲಿ ಮೊದಲ ಹೆಸರು ಮುಖ್ಯವಾಗಿ ಕೆಲಸ ಮಾಡಿದವರದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲಿ, ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಾಗ ಮೊದಲ ಅಥವಾ ಪ್ರಧಾನ ಲೇಖಕರಿಗೆ ಶೇಕಡ 70ರಷ್ಟು, ಉಳಿದವರಿಗೆ ತಲಾ ಶೇಕಡ 30ರಷ್ಟು ಅಂಕ ನೀಡುವ ವಿಧಾನವಿತ್ತು. ಹೆಸರಿನ ಕ್ರಮವನ್ನಷ್ಟೇ ನೋಡಿ ಇದನ್ನು ಅನ್ವಯಿಸಿದರೆ, ಹೆಸರಿನ ಮೊದಲಕ್ಷರ ಅಕಾರಾದಿಯಲ್ಲಿ ಕೆಳಗಿರುವವರು ಜೀವನಪೂರ್ತಿ ಶೇಕಡ 30ರಲ್ಲಿಯೇ ಉಳಿಯಬೇಕಾಗುತ್ತದೆ. ಅಂತಹವರು "ಹೆಸರುಗಳು ಅಕಾರಾದಿ ಕ್ರಮದಲ್ಲಿವೆ" ಎಂದು ಪ್ರಕಟಣೆಗಳ ಪಟ್ಟಿಯಲ್ಲಿಯೇ ಒಂದು ಸಾಲು ಬರೆಯುವುದು ಅವಶ್ಯ. ಉಲ್ಲೇಖ ಸೂಚಿಗಳಲ್ಲಂತೂ ಸಹಲೇಖಕರು ಎಷ್ಟೇ ಮಂದಿ ಇದ್ದರೂ ಪ್ರತಿಯೊಬ್ಬರಿಗೂ ಪೂರ್ತಿ ಸಂಖ್ಯೆ ಜಮೆಯಾಗುತ್ತದೆ. ಪಾಲುದಾರಿಕೆ ಸಂಸ್ಥೆಯ ಲಾಭವನ್ನು ಪ್ರತಿ ಪಾಲುದಾರರೂ ಪೂರ್ತಿ ತಮ್ಮದೆಂದು ತೋರಿಸಿದರೆ ಲೆಕ್ಕ ಪರಿಶೋಧಕರು ಒಪ್ಪುವರೇ ಎಂಬ ಪ್ರಶ್ನೆ ಇಲ್ಲಿ ಸಹಜ. ಆದರೆ ಸದ್ಯದ ರೂಢಿ ಹೀಗಿದೆ.

ಇಲ್ಲದ ವಿಜ್ಞಾನಿಯ ಎಚ್-ಸೂಚ್ಯಂಕ 94

ಯಂತ್ರದ ಎಣಿಕೆಯನ್ನು ವಂಚಿಸುವುದು ಎಷ್ಟು ಸುಲಭವೆಂಬುದನ್ನು ಫ್ರಾನ್ಸಿನ ಗ್ರೆನೋಬಲ್‌ನ ಗಣಕ ವಿಜ್ಞಾನಿ ಸಿರಿಲ್ ಲಾಬೆ ಅವರು 2010ರಲ್ಲಿ ತೋರಿಸಿಕೊಟ್ಟರು. ಅವರು ಐಕ್ ಅಂಟ್ಕೇರ್ ಎಂಬ ಅಸ್ತಿತ್ವದಲ್ಲಿಯೇ ಇಲ್ಲದ ಸಂಶೋಧಕರನ್ನು ಸೃಷ್ಟಿಸಿದರು. ಅರ್ಥವಿಲ್ಲದ ಗಣಕ ವಿಜ್ಞಾನ ಲೇಖನಗಳನ್ನು ತಾನಾಗಿ ಬರೆಯುವ ಸೈಜೆನ್ ಎಂಬ ತಂತ್ರಾಂಶವನ್ನು ಅಮೆರಿಕದ ಎಂ.ಐ.ಟಿ. ವಿದ್ಯಾರ್ಥಿಗಳು 2005ರಲ್ಲಿ ತಮಾಷೆಗಾಗಿ ತಯಾರಿಸಿದ್ದರು. ಅದರಿಂದ ಸುಮಾರು ನೂರು ಲೇಖನಗಳನ್ನು ಬರೆಯಿಸಿ, ಒಂದೊಂದೂ ಉಳಿದವುಗಳನ್ನು ಉಲ್ಲೇಖಿಸುವಂತೆ ಮಾಡಿ ಅಂತರಜಾಲದಲ್ಲಿ ಇರಿಸಲಾಯಿತು. ಗೂಗಲ್ ಸ್ಕಾಲರ್ ಅವುಗಳನ್ನು ಎಣಿಸಿತು. ಅಂಟ್ಕೇರ್ ಅವರ ಎಚ್-ಸೂಚ್ಯಂಕ 94 ಆಯಿತು. ಆ ಲೆಕ್ಕದಲ್ಲಿ ಐನ್‌ಸ್ಟೈನ್ ಅವರೂ ಹಿಂದೆ ಬಿದ್ದರು.

ಆಯ್ದ ಪ್ರಕಟಣೆಗಳಾದರೆ ಸುರಕ್ಷಿತವೆಂದು ತಿಳಿಯುವಂತೆಯೂ ಇಲ್ಲ. ಅದೇ ತಂತ್ರಾಂಶದಿಂದ ಬರೆದ 120ಕ್ಕೂ ಹೆಚ್ಚು ಲೇಖನಗಳು ಸ್ಪ್ರಿಂಗರ್ ಮತ್ತು ಐಇಇಇ ಪ್ರಕಟಣೆಗಳಲ್ಲಿ ಸೇರಿಕೊಂಡಿರುವುದನ್ನು ಲಾಬೆ ಅವರೇ ಪತ್ತೆ ಮಾಡಿದ್ದು, 2014ರಲ್ಲಿ ಅವುಗಳನ್ನು ಹಿಂತೆಗೆದುಕೊಳ್ಳುವ ಕ್ರಮ ಜರುಗಿತು. ಉಲ್ಲೇಖಗಳನ್ನು ಹಣ ಕೊಟ್ಟು ಕೊಳ್ಳುವ ವ್ಯವಹಾರವೂ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಅಬುಧಾಬಿ ಕೇಂದ್ರದ ಸಂಶೋಧಕರು ಕಾಲ್ಪನಿಕ ವ್ಯಕ್ತಿಯ ಹೆಸರಿನಲ್ಲಿ 50 ಉಲ್ಲೇಖಗಳನ್ನು 300 ಡಾಲರ್‌ಗೆ ಖರೀದಿಸಿ, 2024ರಲ್ಲಿ ಅದನ್ನು ಬಹಿರಂಗಪಡಿಸಿದರು. ಒಂದು ಉಲ್ಲೇಖಕ್ಕೆ 6 ಡಾಲರ್ ಬಿತ್ತು. ಇಂತಹ ಕೊಡುಗೆಯ ಮಿಂಚಂಚೆಗಳು ಬಂದಲ್ಲಿ ಅರ್ಜಿದಾರರು ಉತ್ತರಿಸದಿರುವುದೇ ಕ್ಷೇಮ. ಉಲ್ಲೇಖಗಳು ಯಾವ ಲೇಖನಗಳಿಂದ ಬಂದಿವೆ ಎಂಬುದು ಎಲ್ಲರಿಗೂ ತೆರೆದಿರುವ ಮಾಹಿತಿಯಾಗಿದ್ದು, ಅನುಮಾನ ಬಂದ ದಿನ ಅದನ್ನು ಅಳಿಸಿಹಾಕಲು ಯಾರಿಂದಲೂ ಸಾಧ್ಯವಿಲ್ಲ.

ತಮ್ಮದೇ ಹಿಂದಿನ ಲೇಖನವನ್ನು ಉಲ್ಲೇಖಿಸುವುದು ತಪ್ಪಲ್ಲ. ಮುಂದುವರಿದ ಸಂಶೋಧನೆಯಲ್ಲಿ ಅದು ಅನಿವಾರ್ಯ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖಗಳನ್ನು ಬಿಟ್ಟು ಎಣಿಸುವ ಅವಕಾಶವಿದೆ. ಅಧಿಸೂಚನೆಯಲ್ಲಿ ಕೇಳದಿದ್ದರೂ ಎರಡೂ ಸಂಖ್ಯೆಗಳನ್ನು ನೀಡುವ ಅರ್ಜಿದಾರರ ಬಗ್ಗೆ ಪರಿಶೀಲಕರಿಗೆ ವಿಶ್ವಾಸ ಮೂಡುವುದು ಸ್ವಾಭಾವಿಕ.

ಹೆಸರಿನಿಂದ ಆಗುವ ನಷ್ಟ

ಕರ್ನಾಟಕದ ಅರ್ಜಿದಾರರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. ಅಂತರರಾಷ್ಟ್ರೀಯ ಸೂಚಿಗಳು ಪ್ರತಿಯೊಬ್ಬರಿಗೂ ಕೊನೆಯಲ್ಲಿ ಒಂದು ಕುಲನಾಮ ಇರುತ್ತದೆಂದು ಭಾವಿಸಿ ರಚಿತವಾದವು. ನಮ್ಮಲ್ಲಿ ಅನೇಕರಿಗೆ ಇರುವುದು ಒಂದು ಹೆಸರು, ಜೊತೆಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಒಂದು ಲೇಖನದಲ್ಲಿ "ಕೆ. ಎಸ್. ಮಂಜುನಾಥ" ಎಂದೂ ಇನ್ನೊಂದರಲ್ಲಿ "ಮಂಜುನಾಥ ಕೆ. ಎಸ್." ಎಂದೂ ಬರೆದರೆ, ಎರಡನೆಯದರಲ್ಲಿ "ಎಸ್." ಎಂಬುದೇ ಕುಲನಾಮವೆಂದು ಯಂತ್ರವು ತಿಳಿಯಬಹುದು. ಇಂಗ್ಲಿಷ್‌ನಲ್ಲಿ ಕೊನೆಗೆ "ಎ" ಅಕ್ಷರ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಬರೆದರೆ ಇನ್ನಿಬ್ಬರು ವ್ಯಕ್ತಿಗಳು ಹುಟ್ಟಿಕೊಳ್ಳುತ್ತಾರೆ. ವಿವಾಹದ ನಂತರ ಹೆಸರು ಬದಲಿಸಿದ ಮಹಿಳೆಯರ ಹಿಂದಿನ ಲೇಖನಗಳು ಬೇರೆಯವರ ಖಾತೆಯಂತೆ ಉಳಿದುಬಿಡುತ್ತವೆ. ಒಬ್ಬರ ಲೇಖನಗಳು ಮೂರು ಕಡೆ ಹಂಚಿಹೋದರೆ ಯಾವ ಕಡೆಯೂ ನಿಜವಾದ ಎಚ್-ಸೂಚ್ಯಂಕ ಬರುವುದಿಲ್ಲ.

ಇದರ ವಿರುದ್ಧ ತೊಂದರೆಯೂ ಉಂಟು. ಗೂಗಲ್ ಸ್ಕಾಲರ್ ಖಾತೆಯಲ್ಲಿ ಲೇಖನಗಳು ತಾವಾಗಿಯೇ ಸೇರುವ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದರೆ, ಅದೇ ಹೆಸರಿನ ಬೇರೆಯವರ ಲೇಖನಗಳು ಅರ್ಜಿದಾರರಿಗೆ ತಿಳಿಯದೆಯೇ ಬಂದು ಸೇರಬಹುದು. ಅರ್ಜಿಯ ಘೋಷಣೆಗೆ ಸಹಿ ಮಾಡಿದವರು ಅರ್ಜಿದಾರರು, ಯಂತ್ರವಲ್ಲ. ಆದ್ದರಿಂದ ಖಾತೆಯ ಸೆಟ್ಟಿಂಗ್‌ನಲ್ಲಿ "ಮೊದಲು ನನಗೆ ತಿಳಿಸಬೇಕು" ಎಂಬ ಆಯ್ಕೆಯನ್ನು ಇಟ್ಟುಕೊಂಡು, ಸಲ್ಲಿಸುವ ಮುನ್ನ ಪಟ್ಟಿಯನ್ನು ಒಂದೊಂದಾಗಿ ಓದಿ ತಮ್ಮದಲ್ಲದುದನ್ನು ತೆಗೆದುಹಾಕತಕ್ಕದ್ದು. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಅಂಕೆಗಳ ಗುರುತಿನ ಸಂಖ್ಯೆಯನ್ನು ಉಚಿತವಾಗಿ ಪಡೆದು ಪ್ರತಿ ಲೇಖನದಲ್ಲೂ ನಮೂದಿಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಗಣಕ ವಿಜ್ಞಾನದವರಿಗೆ ಇನ್ನೊಂದು ಅನುಕೂಲವಿದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿ ಆರಂಭವಾದ ಡಿಬಿಎಲ್‌ಪಿ ಎಂಬ ಗ್ರಂಥಸೂಚಿಯು ಸಮ್ಮೇಳನ ಲೇಖನಗಳನ್ನೂ ಪಟ್ಟಿ ಮಾಡುತ್ತದೆ ಹಾಗೂ ಒಂದೇ ಹೆಸರಿನ ಹಲವರನ್ನು ನಾಲ್ಕಂಕಿಯ ಸಂಖ್ಯೆ ಸೇರಿಸಿ ಬೇರ್ಪಡಿಸುತ್ತದೆ. ಉಲ್ಲೇಖಗಳ ಎಣಿಕೆಗೆ ಅಲ್ಲದಿದ್ದರೂ, ತಮ್ಮ ಪಟ್ಟಿ ಸರಿಯಿದೆಯೇ ಎಂದು ತಾಳೆ ನೋಡಲು ಅದು ಬಹಳ ಉಪಯುಕ್ತ.

ಅರ್ಜಿಯಲ್ಲಿ ನಮೂದಿಸುವ ರೀತಿ

ವಾಣಿಜ್ಯ ವ್ಯಾಸಂಗ ಮಾಡಿದವರಿಗೆ ಬ್ಯಾಲೆನ್ಸ್ ಶೀಟ್ ಪರಿಚಿತ. "ಮಾರ್ಚ್ 31ರಂದು ಇದ್ದಂತೆ" ಎಂಬ ಸಾಲಿಲ್ಲದಿದ್ದರೆ ಅದರೊಳಗಿನ ಅಂಕಿಗಳಿಗೆ ಬೆಲೆಯಿಲ್ಲ. ಉಲ್ಲೇಖ ಸಂಖ್ಯೆಯೂ ದಿನೇದಿನೇ ಬದಲಾಗುವುದರಿಂದ, "ಸ್ಕೋಪಸ್ ಪ್ರಕಾರ, ಇಂತಹ ದಿನಾಂಕದಂದು ಇದ್ದಂತೆ, ಒಟ್ಟು ಉಲ್ಲೇಖ ಇಷ್ಟು, ಎಚ್-ಸೂಚ್ಯಂಕ ಇಷ್ಟು" ಎಂದು ಬರೆಯಬೇಕು. ಅದೇ ದಿನ ಆ ಪುಟದ ಮುದ್ರಿತ ಪ್ರತಿಯನ್ನು ತೆಗೆದು, ಸಹಿ ಮಾಡಿ ಲಗತ್ತಿಸಬೇಕು. ಪರಿಶೀಲನೆ ನಡೆಯುವ ವೇಳೆಗೆ ಸಂಖ್ಯೆ ಬದಲಾಗಿದ್ದರೂ ಅರ್ಜಿದಾರರು ಸುಳ್ಳು ಹೇಳಿಲ್ಲವೆಂಬುದಕ್ಕೆ ಆ ಪ್ರತಿಯೇ ಆಧಾರ.

ಎರಡು ಸೂಚಿಗಳ ಸಂಖ್ಯೆಗಳನ್ನು ಕೂಡಿಸಬಾರದು; ಒಂದೇ ಉಲ್ಲೇಖವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಮುದ್ರಣಪೂರ್ವ ಪ್ರತಿ, ಸಮ್ಮೇಳನದ ಲೇಖನ ಮತ್ತು ಅದನ್ನೇ ವಿಸ್ತರಿಸಿದ ನಿಯತಕಾಲಿಕದ ಲೇಖನ ಇವು ಮೂರಕ್ಕೂ ಸೂಚಿಯಲ್ಲಿ ಬೇರೆ ಬೇರೆ ನಮೂದುಗಳಿದ್ದರೆ, ಅವು ಒಂದೇ ಕೆಲಸದ ರೂಪಗಳೆಂದು ಪಟ್ಟಿಯಲ್ಲಿ ಸೂಚಿಸುವುದು ಪ್ರಾಮಾಣಿಕ ಕ್ರಮ. ಸಮ್ಮೇಳನ ಲೇಖನಗಳ ಮುಂದೆ ಸಮ್ಮೇಳನದ ಪೂರ್ಣ ಹೆಸರು, ವರ್ಷ ಹಾಗೂ ಪೂರ್ಣ ಲೇಖನವನ್ನು ತಜ್ಞರು ಪರಿಶೀಲಿಸಿದ್ದರೆ ಆ ವಿಷಯವನ್ನು ಬರೆಯುವುದು ಒಳ್ಳೆಯದು. ಅರ್ಜಿಯನ್ನು ಮೊದಲು ನೋಡುವವರು ಗಣಕ ವಿಜ್ಞಾನದವರೇ ಆಗಿರಬೇಕೆಂದಿಲ್ಲ.

ಆಯೋಗವು ನಿಯತಕಾಲಿಕಗಳ ಕೇರ್ ಪಟ್ಟಿಯನ್ನು ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದೆ. ಹಿಂದಿನ ಪ್ರಕಟಣೆಗಳ ಮುಂದೆ "ಕೇರ್ ಪಟ್ಟಿಯಲ್ಲಿದೆ" ಎಂದು ಬರೆಯುವವರು, ಲೇಖನ ಪ್ರಕಟವಾದ ತಿಂಗಳು ಮತ್ತು ವರ್ಷವನ್ನೂ ಜೊತೆಗೆ ಬರೆಯುವುದು ಅಗತ್ಯ.

ಸ್ಥಳಾವಕಾಶವಿದ್ದಲ್ಲಿ, ತಮ್ಮ ಅತ್ಯುತ್ತಮವೆನಿಸುವ ಎರಡು ಅಥವಾ ಮೂರು ಲೇಖನಗಳನ್ನು ಹೆಸರಿಸಿ, ಅವುಗಳಲ್ಲಿ ಹೊಸದೇನು, ಅವುಗಳನ್ನು ಆಧರಿಸಿ ಮುಂದೆ ಯಾರು ಏನು ಮಾಡಿದರು ಎಂಬುದನ್ನು ನಾಲ್ಕೈದು ಸರಳ ವಾಕ್ಯಗಳಲ್ಲಿ ತಿಳಿಸಬಹುದು. ಸಂಖ್ಯೆಯ ಅಂಕಣದಲ್ಲಿ ಹಿಂದೆ ಬೀಳುವ ಕಿರಿಯ ಸಂಶೋಧಕರಿಗೆ ಈ ಭಾಗದಿಂದ ಪ್ರಯೋಜನ ಹೆಚ್ಚು. ಅರ್ಜಿ ಸಲ್ಲಿಸಿದ ನಂತರ ಖಾತೆಯಲ್ಲಿ ತಪ್ಪು ಕಂಡುಬಂದರೆ ತಿದ್ದುಪಡಿಯನ್ನು ಸಂಖ್ಯೆ, ದಿನಾಂಕ ಮತ್ತು ಕಾರಣದೊಡನೆ ಲಿಖಿತವಾಗಿ, ಅರ್ಜಿಯ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಅರ್ಜಿ ಸ್ವೀಕರಿಸಿದ ಕಚೇರಿಗೇ ಕಳುಹಿಸತಕ್ಕದ್ದು.